ಅಮ್ಮಿ ಕೇಳಿದ ಮೀನು

ಮೊನ್ನೆ ಹಿತ್ತಲಿನ ಗೂಟದಲ್ಲಿ ತಿಂಗಳುಗಟ್ಟಲೆ ತೂಗುತ್ತಿದ್ದ ನನ್ನ ಹಳೆಯ ಅಂಗಿ ಒಗೆಯಲು ತೆಗೆದುಕೊಂಡ ಹೆಂಡತಿ ಮಹಾನಂದಾ ಜೇಬಿಗೆ ಕೈ ಹಾಕಿ ಒಂದು ಕಂದು ಬಣ್ಣದ ಗೋಲಿ ಹೊರತೆಗೆದಳು. ಕಲ್ಲಿನ ಹಾಗೆ ಗಟ್ಟಿ. ಅದರ ಬೆನ್ನಿಗೇ ನಾಲ್ಕಾರು ಇರುವೆಗಳೂ ಹೊರಟವು. ಅವಳು ಗೋಲಿಯನ್ನು ಮೂಸಿ ನೋಡಿದಳು, ಮುಖ ಸಿಂಡರಿಸಿದಳು, ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು ನನ್ನನ್ನು ಕರೆದಳು.

“ಇದೇನ್ರೀ? ನಿಮ್ಮ ಬಿ.ಪಿ. ಗುಳಗಿ ಏನು? ಇರವಿ ಹತ್ಯಾವ ನೋಡ್ರಿ.”

“ಗುಳಗಿ ಅಲ್ಲ. ಗಾಳಕ್ಕ ಹಚ್ಚೋ ಹಿಟ್ಟು.”

“ಮತ್ತ ಇದಕ್ಕ ನನ್ನ ಇಂಗಿನ ವಾಸನಿ ಯಾಕ ಬರ್ಲತ್ತದ?”

ಈ ಪ್ರಶ್ನೆಗೆ ಉತ್ತರ ಕೊಡುವ ಗಂಡಸು ಇನ್ನೂ ಹುಟ್ಟಿಲ್ಲ. ಅಂಗಡಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಆದರೆ ದಾರಿಯುದ್ದಕ್ಕೂ ಆ ಗೋಲಿಯೇ ತಲೆಯಲ್ಲಿ ಉರುಳುತ್ತಿತ್ತು. ಅದು ಕಳೆದ ಬೇಸಿಗೆಯದು. ಅದರ ಜೊತೆಯ ಗೋಲಿಗಳೆಲ್ಲ ಕಾರಂಜಾ ಜಲಾಶಯದ ನೀರಿನಲ್ಲಿ ಮೀನುಗಳ ಹೊಟ್ಟೆ ಸೇರಿವೆ.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಗಬಾರದು. ನಾನು ಮೀನು ಹಿಡಿಯುತ್ತೇನೆ, ತಿನ್ನುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ, ಹಿಂದೆ ಯಾರೂ ತಿಂದವರಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಗಾಳ ಹಿಡಿದು ದಂಡೆಯಲ್ಲಿ ಕೂತ ನನ್ನನ್ನು ನೋಡಿ ದನ ಕಾಯುವವರು ಕೂಡ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾರೆ. ಹಿಡಿದ ಮೀನಿನ ಬಾಯಿಂದ ಗಾಳ ಬಿಡಿಸಿ, ಮತ್ತೆ ನೀರಿಗೆ ಬಿಟ್ಟು, ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ “ಹೋಗಿ ಬಾರವ್ವಾ” ಎನ್ನುತ್ತೇನೆ. ಇದರಲ್ಲಿ ನನಗೆ ಸಿಗುವ ಸುಖ ಏನು ಎಂದು ಮಹಾನಂದಾ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ನನಗೂ ಗೊತ್ತಿಲ್ಲ. ಅವಳ ಕಾನೂನು ಮಾತ್ರ ಗೊತ್ತು: ಗಾಳದ ಕೋಲು ಹಿತ್ತಲಿನ ತಗಡಿನ ಮೇಲೆ ಇರಬೇಕು, ಎರೆಹುಳು ಮುಟ್ಟಬಾರದು, ಬಂದ ಮೇಲೆ ಸ್ನಾನ ಮಾಡದೆ ಒಳಗೆ ಕಾಲಿಡಬಾರದು.

ಈ ಹುಚ್ಚಿನ ಬೀಜ ಎಲ್ಲಿಯದು ಎಂದು ಹುಡುಕಿದರೆ ನನ್ನ ಹುಟ್ಟೂರು ಭಾತಂಬ್ರಾದ ನಮ್ಮ ಹೊಲದ ಬಾವಿಗೆ ಹೋಗಬೇಕಾಗುತ್ತದೆ. ಇಳಿಯಲು ಮೆಟ್ಟಿಲಿದ್ದ ದೊಡ್ಡ ಬಾವಿ. ನೀರು ಸ್ವಚ್ಛವಾಗಿರಲಿ ಎಂದು ಯಾರೋ ಹಿರಿಯರು ಅದರಲ್ಲಿ ಮೀನು ಬಿಟ್ಟಿದ್ದರು. ನಮ್ಮಜ್ಜಿ ಹೊಲಕ್ಕೆ ಬುತ್ತಿ ತಂದರೆ ಮೊದಲ ರೊಟ್ಟಿಯ ಅಂಚು ಮುರಿದು ಬಾವಿಗೆ ಹಾಕುವಳು. “ಬರ್ರೆವ್ವಾ, ಉಣಬರ್ರಿ” ಎಂದು ಕರೆಯುವಳು. ಕೆಳಗಿನ ಹಸಿರು ಕತ್ತಲಿನಿಂದ ಅವು ಒಂದೊಂದಾಗಿ ಮೇಲೆ ಬಂದು, ಬಾಯಿ ತೆರೆದು, ರೊಟ್ಟಿ ಕಚ್ಚಿ ಕೆಳಗಿಳಿಯುತ್ತಿದ್ದವು. ಜೋಳದ ರೊಟ್ಟಿ ತಿಂದು ಬೆಳೆದ ಮೀನುಗಳು ನಮ್ಮವು. ಮೆಟ್ಟಿಲ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನಾನು ಅವುಗಳ ಊಟ ನೋಡುತ್ತಿದ್ದೆ. ಆ ಮೆಟ್ಟಿಲುಗಳ ತಂಪು ಇವತ್ತಿಗೂ ನನ್ನ ಹೊಟ್ಟೆಗೆ ನೆನಪಿದೆ.

ಈಗ ಬೀದರಿನ ಗಾಂಧಿ ಗಂಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ ಇದೆ. ದನದ ಹಿಂಡಿ, ಹೊಟ್ಟು, ಹತ್ತಿಕಾಳು ಮಾರುತ್ತೇನೆ. ಬಹಳ ವರ್ಷದ ಹಿಂದೆ ಒಬ್ಬ ಗಿರಾಕಿ ಬಂದು ಶೇಂಗಾ ಹಿಂಡಿ ಕೇಳಿದ. ಚೀಲ ತೂಗಲು ಹೋದರೆ, ಬೇಡ, ಒಂದು ಬೊಗಸೆ ಸಾಕು ಎಂದ.

“ಎಮ್ಮಿ ಎಷ್ಟ ಅವ್ರಿ ನಿಮ್ಮವು?” ಎಂದೆ.

“ಎಮ್ಮಿ ಇಲ್ರಿ. ಮೀನಿಗಿ ಬೇಕು.”

“ಮೀನ ಸಾಕೀರೇನು?”

“ಸಾಕಿಲ್ರಿ. ಊಟಕ್ಕ ಕರೀಬೇಕು.”

ಅವನೇ ಮಹಮೂದ. ಗಾದಿ ಹೊಲಿಯುವವನು. ಬೇಸಿಗೆಯಲ್ಲಿ ಗಾದಿ, ರಜಾಯಿಗಳನ್ನು ಕೇಳುವವರಿಲ್ಲ, ಹಾಗಾಗಿ ಬೆಳಗಾದರೆ ಕಾರಂಜಾ ದಂಡೆಗೆ ಓಡುತ್ತಿದ್ದ. ಆ ಬೊಗಸೆ ಹಿಂಡಿಯ ಜೊತೆ ನಾನೂ ಹೋದೆ. ಅವತ್ತಿನಿಂದ ಇವತ್ತಿನ ತನಕ ಬೇಸಿಗೆ ಬಂತೆಂದರೆ ನಮ್ಮಿಬ್ಬರ ಭಾನುವಾರಗಳು ನೀರಿನ ಪಾಲು.

ಮಳೆಗಾಲದಲ್ಲಿ ಕಾರಂಜಾ ನೋಡಿದವರು ಬೇಸಿಗೆಯಲ್ಲಿ ಅದರ ಗುರುತು ಹಿಡಿಯಲಾರರು. ನೀರು ಹಿಂದೆ ಹಿಂದೆ ಸರಿದು, ಮುಳುಗಿದ್ದ ಹೊಲಗಳ ಬದುಗಳು ಎದ್ದು ಕೂರುತ್ತವೆ. ಕೆಸರು ಒಣಗಿ, ಬಿರಿದು, ಹೆಂಚಿನಂತಾಗಿ ಕಾಲಡಿಯಲ್ಲಿ ಕಟಕಟ ಎನ್ನುತ್ತದೆ. ಹಿಂದೊಮ್ಮೆ ಗಾಡಿಗಳು ಓಡಾಡಿದ ದಾರಿಯೊಂದು ಮಣ್ಣಿನಿಂದ ಎದ್ದು ಬಂದು, ತನ್ನ ಪಾಡಿಗೆ ನಡೆದು, ಮತ್ತೆ ನೀರಿನೊಳಗೆ ಇಳಿದುಹೋಗುತ್ತದೆ. ಅಷ್ಟು ಬಯಲು, ಅಷ್ಟು ಬಿಸಿಲು, ನಡುವೆ ಆ ನೀರು. ನೋಡಿದರೆ ಇಷ್ಟು ಕಡಿಮೆ ನೀರಿನಲ್ಲಿ ಮೀನುಗಳು ತಾವಾಗಿ ಬುಟ್ಟಿಗೆ ಹತ್ತಬೇಕು ಅನಿಸುತ್ತದೆ. ಹತ್ತುವುದಿಲ್ಲ. ಬೇಸಿಗೆಯ ಮೀನಿನಷ್ಟು ಸೋಮಾರಿಗಳು ನಮ್ಮ ಗಂಜದ ವ್ಯಾಪಾರಿಗಳಲ್ಲಿ ಮಾತ್ರ ಸಿಗುತ್ತಾರೆ. ಬೆಳಗಿನ ತಂಪಿನಲ್ಲಿ ಮೀನುಗಳು ದಂಡೆಯ ತೆಳುನೀರಿಗೆ ಬಂದು ಮೇಯುತ್ತವೆ. ಬಿಸಿಲು ಏರಿತೆಂದರೆ ಅಂಗಡಿ ಅರ್ಧ ಮುಚ್ಚಿ ಒಳಗಿನ ಆಳಕ್ಕೆ ಹೋಗಿ ಬಿದ್ದುಕೊಳ್ಳುತ್ತವೆ. ಆಮೇಲೆ ಏನು ಕೊಟ್ಟರೂ ವ್ಯಾಪಾರವಿಲ್ಲ.

ಹಾಗಾಗಿ ಸೂರ್ಯನಿಗಿಂತ ಮೊದಲು ಹೋಗಬೇಕು. ಹಿಂಡಿ ನೆನೆಸಿ ಉಂಡೆ ಕಟ್ಟಿ ಕೂರುವ ಜಾಗದ ಮುಂದೆ ಎಸೆದು ಅವುಗಳನ್ನು ಕರೆಯಬೇಕು. ಗಾಳಿ ಯಾವ ದಂಡೆಗೆ ಹೊಡೆಯುತ್ತದೋ ಆ ದಂಡೆಯಲ್ಲಿ ಕೂರಬೇಕು, ಯಾಕೆಂದರೆ ನೀರಿನ ತಿನಿಸೆಲ್ಲ ಅಲ್ಲಿಗೇ ತೇಲಿ ಬರುತ್ತದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡನ್ನು ನಾವು ಜೋಳದ ದಂಟು ಸುಲಿದು ಅದರ ತಿರುಳಿನಿಂದಲೇ ಮಾಡುತ್ತೇವೆ. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗೆ ತಿಳಿಯದ ಸೂಕ್ಷ್ಮಗಳು ಅದಕ್ಕೆ ತಿಳಿಯುತ್ತವೆ. ಮಹಮೂದ ಎರೆಹುಳು ಹಚ್ಚುತ್ತಾನೆ. ನನ್ನದು ಜೋಳದ ಹಿಟ್ಟು, ಹಿಂಡಿ, ಬೆಲ್ಲ, ಮತ್ತು ಮಹಾನಂದಾ ನೋಡದಿದ್ದಾಗ ಒಂದು ಚಿಟಿಕೆ ಇಂಗು.

“ನೀ ಒಗ್ಗರಣಿನೂ ಕೊಡು, ಕೊತ್ತಂಬರಿ ಉದರಸು. ಮೀನ ಬಾಳಿ ಎಲಿ ಹಾಕ್ಕೊಂಡ ಕೂಡ್ತಾವ” ಎಂದು ಅವನು ಪ್ರತಿಸಲ ಹಂಗಿಸುತ್ತಾನೆ.

ಮಹಮೂದನ ತಾಯಿಯನ್ನು ಓಣಿಯವರೆಲ್ಲ ಅಮ್ಮಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಔರಾದಿನಲ್ಲಿ ಹುಟ್ಟಿದವರು. ಅಲ್ಲಿಯ ಹಳ್ಳದಲ್ಲಿ ಚಿಕ್ಕವರಿದ್ದಾಗ ಸೆರಗಿನಿಂದ ಮೀನು ಸೋಸಿ ಹಿಡಿದ ಕಥೆಯನ್ನು ನನ್ನ ಮುಂದೆ ಬಹಳ ಸಲ ಹೇಳಿದ್ದಾರೆ. ನಾನು ಮನೆಗೆ ಹೋದರೆ ನನಗೆಂದೇ ಎತ್ತಿಟ್ಟ ಪಾತ್ರೆ ತೆಗೆಸಿ, ಮಾಂಸ ಮುಟ್ಟದ ಒಲೆಯ ಮೇಲೆ ಬೇಳೆ ಮಾಡಿಸಿ ಉಣಿಸುವರು. ಉಣ್ಣುವಾಗ ಎದುರಿಗೆ ಕೂತು, ಸೊಸೆ, ಮಹಮೂದನ ಹೆಂಡತಿ ನಸೀಮಾಳ ಅಡುಗೆಗೆ ಹೆಸರಿಡುವರು. ಬೇಳೆ ಬೆಂದಿಲ್ಲ. ಉಪ್ಪು ಮುಂದಾಯಿತು. ಒಗ್ಗರಣೆ ಸೀದಿದೆ. ಆ ಮನೆಯಲ್ಲಿ ಅಮ್ಮಿ ತಪ್ಪು ಹುಡುಕದ ಪದಾರ್ಥವೇ ಇರಲಿಲ್ಲ. ನಸೀಮಾ ಭಾಬಿ ಅಡುಗೆಮನೆಯಿಂದಲೇ ನನಗೆ ಕಣ್ಣಲ್ಲೇ ಸನ್ನೆ ಮಾಡಿ ನಗುವರು.

ಕಳೆದ ವರ್ಷ ಬಿಸಿಲು ಶುರುವಾಗುವ ಹೊತ್ತಿಗೆ ಅಮ್ಮಿಗೆ ಜ್ವರ ಬಂತು. ಬಂದದ್ದು ಹೋಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಏನು ಕೊಟ್ಟರೂ ಒಂದು ತುತ್ತು, ಆಮೇಲೆ ತಟ್ಟೆ ಪಕ್ಕಕ್ಕೆ. ಕೈಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಒಳಗೆ ಏನೂ ದೋಷವಿಲ್ಲ, ಹೇಗಾದರೂ ಮಾಡಿ ತಿನ್ನಿಸಿ ಎಂದರು. ಖೀರು ಮಾಡಿದರು, ಕಿಚಡಿ ಮಾಡಿದರು, ಮಹಮೂದ ತಾನು ಹಿಡಿದ ಮೀನು ತಂದುಕೊಟ್ಟ, ಪೇಟೆಯಿಂದಲೂ ತಂದ. ಎಲ್ಲವೂ ತಟ್ಟೆಯಲ್ಲೇ ಉಳಿಯಿತು. ನಾನು ನೋಡಲು ಹೋದ ದಿನ ಭಾಬಿ ನನ್ನನ್ನು ಬಾಗಿಲಲ್ಲೇ ತಡೆದು, ಸಣ್ಣ ದನಿಯಲ್ಲಿ ಹೇಳಿದರು:

“ಏನ್ ಮಾಡಿದ್ರೂ ಛಲೋ ಆಗ್ಯಾದ ಅಂತಾರ ಅಣ್ಣಾ. ಒಂದ್ಸಲನೂ ಬೈಲಿಲ್ರಿ. ನನಗ ಅಂಜಿಕಿ ಬರ್ಲತ್ತದ.”

ಅವರ ಕಣ್ಣು ತುಂಬಿತ್ತು. ಬೈಯದ ಅಮ್ಮಿಯನ್ನು ನಾನೂ ನೋಡಿರಲಿಲ್ಲ.

ಮಂಚದ ಪಕ್ಕ ಕೂತು, “ಏನರೆ ತಿನ್ರಿ ಅಮ್ಮಿ. ಏನ್ ತರಲಿ ಹೇಳ್ರಿ” ಎಂದೆ.

ಅಮ್ಮಿ ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣಿನ ಮೂಲೆಯಲ್ಲಿ ಹಳೆಯ ಕೀಟಲೆ ಇನ್ನೂ ಸ್ವಲ್ಪ ಉಳಿದಿತ್ತು. “ಇಷ್ಟ ವರ್ಷ ಆಯ್ತು ನೀ ಮೀನ ಹಿಡೀಲತ್ತಿ ಬೇಟಾ. ನಿನ್ನ ಕೈಲಿಂದ ಒಂದ ಮೀನರೆ ಈ ಮನಿಗಿ ಬಂದದೇನು? ನೀ ಹಿಡದ ತಗೊಂಡ ಬಾ. ತಿಂತೇನಿ.”

ನನಗೆ ಅರ್ಥವಾಯಿತು. ನಾನು ತರುವವನಲ್ಲ, ಅವರು ತಿನ್ನಬೇಕಾಗಿಲ್ಲ. ಎಲ್ಲರ ಕಾಟ ತಪ್ಪಿಸಿಕೊಳ್ಳಲು ಹೂಡಿದ ಉಪಾಯ. ಆದರೆ ಬಾಯಿಂದ ಮಾತು ಬಂದಾಗಿತ್ತು, ಅಮ್ಮಿ ಮಾತು ತಪ್ಪುವವರಲ್ಲ.

“ತರ್ತೇನಿ” ಎಂದೆ.

ಮಹಾನಂದಾಳಿಗೆ ಹೇಳಲು ಅಂಜಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. “ನನ್ನ ಬಾಣಂತನದಾಗ ಆ ಮುದುಕಿ ದಿನಾ ಬಂದು ಕೂಸಿಗಿ ಎಣ್ಣಿ ಹಚ್ಚ್ಯಾಳ. ಹೋಗ್ರಿ. ದೇವರ ಮುಂದ ನಾ ಹೇಳ್ಕೋತೇನಿ” ಎಂದಳು. ಹಿಟ್ಟನ್ನೂ ಅವಳೇ ನಾದಿಕೊಟ್ಟಳು. ಇಂಗನ್ನು ಮಾತ್ರ ನಾನೇ ಹಾಕಿಕೊಂಡೆ.

ನಸುಕಿನಲ್ಲಿ ಹೋಗಿ ದಂಡೆ ಹಿಡಿದೆವು. ಗಾಳಿ ಇರಲಿಲ್ಲ. ನೀರು ಹಾಸಿದ ಬಟ್ಟೆಯ ಹಾಗೆ ನಯವಾಗಿತ್ತು, ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತು ನಮಗಿಂತ ಗಂಭೀರವಾಗಿ ಮೀನು ಕಾಯುತ್ತಿದ್ದವು. ಮೂಡಣ ಕೆಂಪಾಗುತ್ತಿದ್ದಂತೆ ನನ್ನ ಬೆಂಡು ಮೊದಲು ಅಡ್ಡ ಮಲಗಿತು, ಆಮೇಲೆ ಸರಕ್ಕನೆ ಮುಳುಗಿತು. ಎಳೆದೆ. ಕೋಲು ಬಿಲ್ಲಾಯಿತು. ಅಷ್ಟು ಭಾರ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಮಹಮೂದ ಎದ್ದು ನಿಂತು, “ದಾರ ಬಿಡು! ಎಳಿಬ್ಯಾಡ! ಆಡ್ಲಿ ಅದು!” ಎಂದು ಕೂಗುತ್ತಿದ್ದ. ಅದು ಆಳಕ್ಕೆ ಓಡಿತು, ನಾನು ಬಿಟ್ಟೆ. ದಣಿಯಿತು, ನಾನು ಎಳೆದೆ. ಕೊನೆಗೆ ತೆಳುನೀರಿನಲ್ಲಿ ಮೊಣಕಾಲೂರಿ ಎರಡೂ ಕೈಯಲ್ಲಿ ಎತ್ತಿದೆ. ದೊಡ್ಡ ರೋಹು. ಮೈಮೇಲೆ ತಾಮ್ರದ ಹೊಳಪು. ತುಟಿ ದಪ್ಪ, ನಮ್ಮ ಬಾವಿಯ ಮೀನುಗಳದೇ ಮುಖ.

ನಾನು ಮೆಲ್ಲಗೆ ಗಾಳ ಬಿಡಿಸಿದೆ. ಬೆನ್ನು ಸವರಿದೆ. “ಹೋಗಿ ಬಾರವ್ವಾ” ಎಂದೆ. ಬಿಟ್ಟೆ.

ಬಾಲ ಬಡಿದು ನನ್ನ ಮುಖಕ್ಕೆ ನೀರು ಹಾರಿಸಿ ಅದು ಹೋಯಿತು. ನಾನು ಕನ್ನಡಕ ಒರೆಸಿಕೊಳ್ಳುತ್ತ, ಬಹಳ ಸಂತೋಷದಿಂದ ತಿರುಗಿ ನೋಡಿದೆ. ಮಹಮೂದ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

“ಕ್ಯಾ ಕರೆ ಜೀ ತುಮ್!” ಎಂದ. ಆಮೇಲೆ ಕನ್ನಡದಲ್ಲಿ, ಅಳುವವನ ಹಾಗೆ, “ಏನ್ ಮಾಡ್ದೀ ನೀ! ಅದು ಅಮ್ಮಿ ಮೀನಿತ್ತಲ್ಲೋ ಶಿವರಾಜ!”

ಆಗ ನನಗೆ ನೆನಪಾಯಿತು. ಕೆಸರಿನಲ್ಲಿ ಹಾಗೇ ಕೂತುಬಿಟ್ಟೆ. ಇಷ್ಟು ವರ್ಷ ಬಿಟ್ಟು ಬಿಟ್ಟು ರೂಢಿಯಾದ ಕೈಗಳು ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಬಳೆ ಜಾರುವ ಆ ಕೈ ಕಣ್ಣ ಮುಂದೆ ಬಂತು.

ಮಹಮೂದ ಒಂದು ಬೀಡಿ ಹಚ್ಚಿದ, ಅರ್ಧಕ್ಕೇ ಆರಿಸಿದ. ಹಾಗೇ ದಡಕ್ಕೆ ಒರಗಿ ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ. ಅವನ ನಗುವಿಗೆ ನನಗೂ ನಗು ಬಂತು. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ನೀರಿಗೆ ನೂಕುತ್ತಿದ್ದರು.

“ಬಲಿ ಬೀಸಿ ಮೀನ ಹಿಡಿಯೋರ ಹತ್ರ ಒಂದ ತಗೊಂಡ ಹೋಗಮು?” ಎಂದೆ, ಸುಮ್ಮನೆ ಕೇಳಬೇಕಲ್ಲ ಎಂದು.

“ನಕ್ಕೋ, ಬ್ಯಾಡ. ಶಿವರಾಜ ಹಿಡದಾನೇನು ಅಂತ ಕೇಳ್ತಾಳ. ಅಮ್ಮಿ ಮುಂದ ನನಗ ಸುಳ್ಳ ಬರಾದಿಲ್ಲ.”

ಅಷ್ಟರಲ್ಲಿ ಬಿಸಿಲು ಏರಿತು. ದಂಡೆಯ ನೀರು ಕಾಲಿಗೆ ಬೆಚ್ಚಗಾಯಿತು. ಬೆಂಡು ಹಾಕಿದಲ್ಲೇ ನಿಂತಿತು. ನಾವು ಜಾಗ ಬದಲಿಸಿದೆವು. ಹಳೆಯ ಗಾಡಿದಾರಿ ನೀರಿಗೆ ಇಳಿಯುವಲ್ಲಿ ಒಂದು ಕಲ್ಲಿನ ಮೋರಿ ಅರ್ಧ ಮುಳುಗಿದೆ. ಅದರ ಕೆಳಗೆ ಆಳವೂ ಇದೆ, ನೆರಳೂ ಇದೆ. ನಾನೇ ಮೀನಾಗಿದ್ದರೆ ಅಲ್ಲೇ ಮಲಗುತ್ತಿದ್ದೆ. ಬೆಂಡನ್ನು ದಾರದ ಮೇಲೆ ಸರಿಸಿ ಗಾಳ ತಳಕ್ಕೆ ಹೋಗುವ ಹಾಗೆ ಮಾಡಿದೆ. ದೊಡ್ಡ ಗಾಳ ತೆಗೆದು ಸಣ್ಣದು ಕಟ್ಟಿದೆ, ಹಿಟ್ಟಿನ ಗುಂಡನ್ನೂ ಮೆಣಸಿನಕಾಳಿನಷ್ಟು ಮಾಡಿದೆ. ಸೆಕೆಗೆ ಹಸಿವು ಸತ್ತಿರುತ್ತದೆ, ದೊಡ್ಡ ತುತ್ತು ನೋಡಿದರೆ ಮೀನಿಗೂ ಬೇಡವೆನಿಸುತ್ತದೆ. ಹೀಗೆ ಯೋಚಿಸುವಾಗ ಅಮ್ಮಿಯ ತಟ್ಟೆಯೇ ಕಣ್ಣ ಮುಂದಿತ್ತು.

ಕಾದೆವು. ಟವೆಲ್ ಒದ್ದೆ ಮಾಡಿ ತಲೆಗೆ ಹಾಕಿಕೊಂಡರೆ ಬೀಡಿ ಸೇದುವಷ್ಟರಲ್ಲಿ ಒಣಗುತ್ತಿತ್ತು. ಬಯಲಿನ ಝಳಕ್ಕೆ ಆಚೆ ದಂಡೆ ಅಲುಗಾಡುವಂತೆ ಕಾಣುತ್ತಿತ್ತು. ಮಹಮೂದನ ಡಬ್ಬಿಯಲ್ಲಿ ಎರೆಹುಳು ಸತ್ತುಹೋದವು. ಅವನು ಕೈಚಾಚಿ ನನ್ನ ಇಂಗಿನ ಹಿಟ್ಟು ಬೇಡಿದ. ಹಂಗಿಸದೆ ಕೊಟ್ಟೆ. ಬೇರೆ ದಿನವಾದರೆ ಬಿಡುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಗಾಳಿ ಎದ್ದು ಮೋರಿಯ ಬದಿಗೆ ಅಲೆ ಹೊಡೆಯತೊಡಗಿತು. ನನ್ನ ಬೆಂಡು ಮುಳುಗಲಿಲ್ಲ, ಮಲಗಲಿಲ್ಲ. ಅಲೆಯ ಜೊತೆ ಕುಣಿಯುತ್ತಿದ್ದದ್ದು ಒಂದು ಅಲೆಗೆ ಕುಣಿಯಲಿಲ್ಲ, ಅಷ್ಟೇ. ಎಳೆದೆ. ಅಂಗೈಗಿಂತ ಸ್ವಲ್ಪ ಉದ್ದದ ಮರಿ ರೋಹು ಬಿಸಿಲಲ್ಲಿ ಮಿಂಚುತ್ತ ಬಂತು. ನಾನು ಕೈ ಚಾಚುವ ಮೊದಲೇ ಮಹಮೂದ ನಡುವೆ ಹಾರಿಬಿದ್ದ.

“ಮುಟ್ಟಬ್ಯಾಡ! ಹಿಂದ ಸರಿ! ಕೈ ಕಟಗೊಂಡ ನಿಲ್ಲು ನೀ!”

ನಾನು ನಿಜವಾಗಿಯೂ ಕೈಕಟ್ಟಿ ನಿಂತೆ. ಅವನು ಗಾಳ ಬಿಡಿಸುವಾಗ ಮುಖ ಆಚೆ ತಿರುಗಿಸಿದೆ. ಅಜ್ಜಿಯ ಬಾವಿ ನೆನಪಾಗಿ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಮನಸ್ಸಿನಲ್ಲೇ ಆ ಮೀನಿಗೆ ಕೈಮುಗಿದೆ. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಬೇವಿನ ಸೊಪ್ಪು ಮುಚ್ಚಿ ಮಹಮೂದ ಅದನ್ನು ಚೀಲಕ್ಕೆ ಹಾಕಿದ. ಮೋಟಾರ್ ಸೈಕಲ್ಲಿನ ಹಿಂದೆ ಕೂತು ನಾನು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀದರಿಗೆ ಬಂದೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ನಮ್ಮ ಅಂಗಡಿಯ ಗಿರಾಕಿಯೊಬ್ಬರು ಸಿಕ್ಕು, “ಏನ್ ತಂದೀರಿ ಸಾವಕಾರ್ರ?” ಎಂದರು. “ಸೌತಿಕಾಯಿ” ಎಂದೆ. ಅವರು ಚೀಲ ಮೂಸಿದ ಹಾಗೆ ಮಾಡಿ, “ಛಲೋ ಸೌತಿಕಾಯಿ ಅದ ಬಿಡ್ರಿ” ಎಂದು ನಗುತ್ತ ಹೋದರು.

ಭಾಬಿ ಬಾಗಿಲಿಗೇ ಬಂದರು. ಅಷ್ಟು ದೊಡ್ಡ ಸುದ್ದಿಯ ಇಷ್ಟು ಸಣ್ಣ ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದರು. ಕೈರಿ ಎನ್ನುವ ಹಸಿ ಮಾವಿನಕಾಯಿ ಹೆಚ್ಚುವ ಸದ್ದು, ಎಳ್ಳು ಹುರಿಯುವ ವಾಸನೆ. ಆಮೇಲೆ ಮೀನಿನ ವಾಸನೆ. ಎಂದೂ ಆ ವಾಸನೆಗೆ ಕೂತವನಲ್ಲ ನಾನು. ಅವತ್ತು ಅಮ್ಮಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತೆ.

ತಟ್ಟೆ ಬಂತು. ಸ್ವಲ್ಪ ಅನ್ನ, ಮೇಲೆ ಸಾರು, ಬದಿಗೆ ಆ ಮೀನು. ಅಮ್ಮಿ ಅದನ್ನು ನೋಡಿದರು, ನನ್ನನ್ನು ನೋಡಿದರು.

“ಖರೇನೇ ನೀ ಹಿಡದೀ?”

“ನಾನೇ ಹಿಡದೀನ್ರಿ ಅಮ್ಮಿ.”

“ಹೌದಮ್ಮಿ, ಅವನೇ” ಎಂದ ಮಹಮೂದ ಬಾಗಿಲಿನಿಂದ.

ಅಮ್ಮಿ ಬಿಸ್ಮಿಲ್ಲಾ ಎಂದು ಒಂದು ತುತ್ತು ಕಲಸಿದರು. ಮುಳ್ಳು ತೆಗೆದು ಬದಿಗಿಟ್ಟರು. ಬಾಯಿಗಿಟ್ಟುಕೊಂಡು ಮೆಲ್ಲಗೆ ಅಗಿದರು. ಭಾಬಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ಅಮ್ಮಿ ನುಂಗಿದರು. ಇನ್ನೊಂದು ತುತ್ತು ತೆಗೆದುಕೊಂಡರು. ಹುಬ್ಬು ಗಂಟಾಯಿತು.

“ನಸೀಮಾ!” ಎಂದು ಕೂಗಿದರು. ಎಷ್ಟೋ ದಿನದಿಂದ ಕೇಳದ ದನಿ ಅದು, ಓಣಿಗೆ ಕೇಳುವಂಥದು. “ಕೈರಿ ಇಷ್ಟ ಹಾಕ್ತಾರೇನು? ಹುಳಿಗಿ ಹಲ್ಲ ಚಳೀತಾವ! ಉಪ್ಪರೆ ಎಲ್ಲದ? ಮೀನ ಮಾಡಾಕ ನಿಮ್ಮವ್ವ ಕಲಿಸ್ಲಿಲ್ಲೇನು?”

ಭಾಬಿ ಬಾಗಿಲಿನಿಂದ ಓಡಿ ಬಂದರು. ಅಮ್ಮಿಯ ಕಾಲ ಬುಡದಲ್ಲಿ ಕೂತು, ಮೊಣಕಾಲಿಗೆ ಮುಖ ಒತ್ತಿ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಮಹಮೂದ ಗೋಡೆಯ ಕಡೆ ತಿರುಗಿ ನಿಂತ. ನನ್ನ ಕನ್ನಡಕ ಮತ್ತೆ ಮಂಜಾಯಿತು, ಈ ಸಲ ಯಾವ ಮೀನೂ ನೀರು ಹಾರಿಸಿರಲಿಲ್ಲ.

ಅಮ್ಮಿಗೆ ಇದಾವುದೂ ಬೇಕಿರಲಿಲ್ಲ. ಬೆರಳಿನಿಂದ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತ ನನ್ನ ಕಡೆ ತಿರುಗಿದರು.

“ಇಷ್ಟ ಸಣ್ಣದೇನು ತಂದಿ ಬೇಟಾ? ಬರೇ ಮುಳ್ಳೇ ಅವ. ಕಾರಂಜಾದಾಗ ದೊಡ್ಡದು ಒಂದೂ ಸಿಗ್ಲಿಲ್ಲೇನು?”

ನಾನು ಮಹಮೂದನ ಬೆನ್ನು ನೋಡಿದೆ. ಬೆನ್ನು ಅಲುಗುತ್ತಿತ್ತು.

“ನಾಳಿ ನೋಡ್ತೇನ್ರಿ ಅಮ್ಮಿ” ಎಂದೆ.

“ನಾಳಿದು ನಾಳಿಗಿ” ಎಂದು ಅಮ್ಮಿ ಖಾಲಿಯಾದ ತಟ್ಟೆಯನ್ನು ಸೊಸೆಯ ಕಡೆ ನೂಕಿದರು. “ಏಳು, ಇನ್ನ ಸ್ವಲ್ಪ ಅನ್ನ ಹಾಕು.”